ಹಳೆಯ ಪಿಯಾನೋ ಕೃತಿಗೆ ಜಾಝ್ ನಡೆ: ಬಾಖ್‌ನ 35 ಬಾರ್‌ಗಳಿಂದ ಆರಂಭಿಸುವ ಬಗೆ

ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕೃತಿಯೊಂದನ್ನು ಜಾಝ್ ಶೈಲಿಯಲ್ಲಿ ನುಡಿಸಲು ಬಯಸುವವರು ಮೊದಲು ಕೇಳುವುದು, ಇದರಲ್ಲಿ ಏನೇನು ಬದಲಾಯಿಸಬೇಕು ಎಂದು. ಮಡಿಕೇರಿಯ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಪಿಯಾನೋ ಪಾಠ ಹೇಳುತ್ತಿರುವ ನಾನು, ಏನನ್ನು ಬದಲಾಯಿಸದೆ ಉಳಿಸಿಕೊಳ್ಳುತ್ತೀರಿ ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆದು ತನ್ನಿ ಎಂದು ಅವರಿಗೆ ಹೇಳುತ್ತೇನೆ. ಪ್ರತಿ ಕೃತಿಗೂ ಅದರದ್ದೇ ಆದ ಗುರುತು ಇರುತ್ತದೆ. ಕೆಲವದರಲ್ಲಿ ಅದು ಮೆಲೊಡಿಯಲ್ಲಿದ್ದರೆ, ಕೆಲವದರಲ್ಲಿ ಕಾರ್ಡ್‌ಗಳು (ಒಟ್ಟಿಗೆ ಸೇರಿ ನುಡಿಯುವ ಸ್ವರಗಳ ಗುಂಪುಗಳು) ಒಂದರ ಹಿಂದೆ ಒಂದು ಬರುವ ಕ್ರಮದಲ್ಲಿ, ಇನ್ನು ಕೆಲವದರಲ್ಲಿ ಎಡಗೈಯ ಬಾಸ್ ಮೆಟ್ಟಿಲಿಳಿಯುವಂತೆ ಇಳಿಯುವ ರೀತಿಯಲ್ಲಿರುತ್ತದೆ. ಆ ಗುರುತನ್ನು ಹಿಡಿದುಕೊಂಡರೆ ಉಳಿದ ಎಲ್ಲವನ್ನೂ ಧೈರ್ಯವಾಗಿ ಬದಲಾಯಿಸಬಹುದು. ಅದನ್ನೇ ಕಳೆದುಕೊಂಡರೆ ಎಷ್ಟು ಚೆನ್ನಾಗಿ ನುಡಿಸಿದರೂ ಕೇಳುವವರಿಗೆ ಅದು ಯಾವುದೋ ಜಾಝ್ ಎನ್ನಿಸುತ್ತದೆಯೇ ಹೊರತು ಬಾಖ್ ಅಥವಾ ಶೋಪ್ಯಾನ್ ಎನ್ನಿಸುವುದಿಲ್ಲ.

ಈ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. 1938ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅಲನ್ ಲೋಮ್ಯಾಕ್ಸ್ ನಡೆಸಿದ ಧ್ವನಿಮುದ್ರಣದಲ್ಲಿ ಜಾಝ್ ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರು ವೆರ್ಡಿಯ ಆಪೆರಾದ ಒಂದು ಭಾಗವನ್ನು ಜಾಝ್‌ಗೆ ತಿರುಗಿಸಿ ತೋರಿಸಿದರು. ಇನ್ನೊಬ್ಬ ಜಾಝ್ ಪಿಯಾನೋ ವಾದಕ ಆರ್ಟ್ ಟೇಟಮ್ ಅವರು ದ್ವೊರ್ಝಾಕ್‌ನ ಹ್ಯೂಮರೆಸ್ಕ್ ಅನ್ನು ತಮ್ಮದೇ ರೀತಿಯಲ್ಲಿ ನುಡಿಸುತ್ತಿದ್ದರು. 1959ರಲ್ಲಿ ಫ್ರಾನ್ಸ್‌ನ ಜಾಕ್ ಲೂಸಿಯೆ ಅವರು ಪಿಯಾನೋ, ಡಬಲ್ ಬಾಸ್, ಡ್ರಮ್ಸ್ ಮೂರನ್ನೇ ಇಟ್ಟುಕೊಂಡು ಬಾಖ್‌ನ ಕೃತಿಗಳನ್ನು ಧ್ವನಿಮುದ್ರಿಸಲು ಆರಂಭಿಸಿದರು. ಅಭ್ಯಾಸಕ್ಕೆ ಕೂರುವ ಮೊದಲು ಲೂಸಿಯೆ ಅವರ ಧ್ವನಿಮುದ್ರಣಗಳನ್ನು ಕೇಳಿಕೊಳ್ಳುವುದು ಒಳ್ಳೆಯದು; ಆದರೆ ಅವುಗಳನ್ನು ನಕಲು ಮಾಡಲು ಕೂತರೆ ಆರು ತಿಂಗಳು ಬೆರಳಿನ ಕೆಲಸದಲ್ಲೇ ಕಳೆದುಹೋಗುತ್ತದೆ.

ಕೃತಿ ಮತ್ತು ವಾದ್ಯ

ಮೊದಲ ಪ್ರಯತ್ನಕ್ಕೆ ನಾನು ಯಾವಾಗಲೂ ಸೂಚಿಸುವುದು ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್ ಅನ್ನು. 1722ರ ವೆಲ್ ಟೆಂಪರ್ಡ್ ಕ್ಲಾವಿಯರ್‌ನ ಮೊದಲ ಸಂಪುಟ ತೆರೆದುಕೊಳ್ಳುವುದೇ ಇದರಿಂದ. ಇದರಲ್ಲಿರುವುದು 35 ಬಾರ್‌ಗಳು (ಸ್ವರಲಿಪಿಯಲ್ಲಿ ಎರಡು ನಿಂತ ಗೆರೆಗಳ ನಡುವಿನ ಭಾಗ, ಇಲ್ಲಿ ನಾಲ್ಕು ಬೀಟ್‌ಗಳದ್ದು); ಕೊನೆಯ ಮೂರನ್ನು ಬಿಟ್ಟರೆ ಒಂದೊಂದು ಬಾರ್‌ಗೂ ಒಂದೇ ಒಂದು ಕಾರ್ಡ್, ಆ ಕಾರ್ಡ್‌ನ ಸ್ವರಗಳನ್ನು ಬಿಡಿಸಿ ನುಡಿಸುವ ಎಂಟು ಸ್ವರಗಳ ಒಂದು ಗುಚ್ಛ, ಆ ಗುಚ್ಛ ಎರಡು ಸಲ. ನಿಮ್ಮ ಪುಸ್ತಕದಲ್ಲಿ ಎಣಿಸಿದಾಗ 36 ಬಾರ್ ಬಂದರೆ ಗಾಬರಿಯಾಗಬೇಡಿ. 22 ಮತ್ತು 23ನೇ ಬಾರ್‌ಗಳ ನಡುವೆ ಬಾಖ್ ಬರೆಯದ ಒಂದು ಬಾರ್ ಹಳೆಯ ಕೆಲವು ಮುದ್ರಣಗಳಲ್ಲಿ ಸೇರಿಕೊಂಡಿದ್ದು, ಅದನ್ನು ಶ್ವೆಂಕೆಯ ಬಾರ್ ಎಂದು ಕರೆಯುತ್ತಾರೆ. ಪೆನ್ಸಿಲ್‌ನಲ್ಲಿ ಅದರ ಮೇಲೆ ಗೆರೆ ಎಳೆದು ಮುಂದುವರಿಯಿರಿ, ಏಕೆಂದರೆ ಈ ಲೇಖನದಲ್ಲಿ ನಾನು ಹೇಳುವ ಬಾರ್ ಸಂಖ್ಯೆಗಳೆಲ್ಲ 35ರ ಲೆಕ್ಕದವು.

ವಾದ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 61 ಕೀಗಳ ಸಾಧಾರಣ ಕೀಬೋರ್ಡ್ ಇದ್ದರೂ ಈ ಪ್ರಿಲ್ಯೂಡ್‌ಗೆ ಸಾಕು, ಆದರೆ ಕಾಲಿನ ಪೆಡಲ್ ಒಂದನ್ನು ಜೋಡಿಸಿಕೊಳ್ಳಿ. ಮನೆಯಲ್ಲಿ ಹಳೆಯ ಅಪ್‌ರೈಟ್ ಪಿಯಾನೋ ಇರುವವರಿಗೆ ಕೊಡಗಿನ ಮಳೆಗಾಲ ಎಂತಹುದೆಂದು ಗೊತ್ತೇ ಇದೆ. ಜೂನ್ ತಿಂಗಳು ಬಂದರೆ ಒಳಗಿನ ಮರವೂ ಫೆಲ್ಟೂ ತೇವ ಹೀರಿ ಉಬ್ಬಿ, ಒತ್ತಿದ ಕೀ ಮೇಲೇಳುವುದಿಲ್ಲ. ವಾದ್ಯವನ್ನು ಹೊರಗೋಡೆಗೆ ತಾಗಿಸದೆ ಒಳಗೋಡೆಯ ಕಡೆ ಇಟ್ಟುಕೊಳ್ಳುವುದು, ಒಳಗಡೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಆಗಾಗ ಬದಲಾಯಿಸುವುದು, ದಿನಕ್ಕೊಮ್ಮೆಯಾದರೂ ಎಲ್ಲ ಕೀಗಳನ್ನೂ ಮುಟ್ಟುವುದು ಇಷ್ಟನ್ನು ಮಾಡಿದರೆ ಸೆಪ್ಟೆಂಬರ್‌ವರೆಗೆ ಹೇಗೋ ನಡೆಯುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಭ್ಯಾಸಕ್ಕೆ ಕೂರಲು ಪುರುಸೊತ್ತಾಗದ ತೋಟದ ಮನೆಯವರಿಗೆ ಈ ಮಳೆಗಾಲವೇ ಪಾಠಕ್ಕೆ ಒದಗಿಬರುವ ಕಾಲವೂ ಹೌದು.

ಮೊದಲು ಬರೆದಿರುವಂತೆಯೇ

ಮೂಲವನ್ನು ಬರೆದಿರುವಂತೆಯೇ, ಪುಸ್ತಕ ನೋಡದೆ ನುಡಿಸಲು ಬರುವವರೆಗೆ ಜಾಝ್ ವಿಷಯಕ್ಕೆ ಹೋಗಬೇಡಿ. ಈ ಹಂತವನ್ನು ದಾಟಿಬಿಡಲು ಎಲ್ಲರಿಗೂ ಅವಸರ. ಆದರೆ ಬೆರಳುಗಳಿಗೆ ಮೂಲ ತಿಳಿಯದಿದ್ದರೆ ಮುಂದೆ ನೀವು ಅದನ್ನು ಬಿಟ್ಟು ಹೋದಾಗ ಹಿಂದಿರುಗಿ ಬರುವ ಜಾಗವೇ ಇರುವುದಿಲ್ಲ.

ಇಲ್ಲಿ ಒಂದು ಘಟನೆಯನ್ನು ಹೇಳಬೇಕು. ಕಳೆದ ವರ್ಷ ಆಗಸ್ಟ್‌ನಲ್ಲಿ ಒಬ್ಬ ಹುಡುಗಿ ಈ ಪ್ರಿಲ್ಯೂಡ್ ಅನ್ನು ಕಲಿಯುತ್ತಿದ್ದಳು. ಏಳು ಬಾರ್‌ಗಳನ್ನು ಸರಾಗವಾಗಿ ನುಡಿಸಿ ಎಂಟನೆಯದಕ್ಕೆ ಬಂದವಳು ನಿಂತು, ಕೈ ತೆಗೆದು, ‘ಮಿಸ್, ಇಲ್ಲಿ ತಪ್ಪು ಪ್ರಿಂಟ್ ಆಗಿದೆ’ ಎಂದಳು. ಪುಸ್ತಕದಲ್ಲಿ ಎಡಗೈಗೆ ಇದ್ದದ್ದು ಬಿ, ಅದರ ಪಕ್ಕದಲ್ಲೇ ಸಿ. ಬಿ ಅನ್ನು ಒತ್ತಿ ಹಿಡಿದುಕೊಂಡೇ ಸಿ ಅನ್ನು ನುಡಿಸಿದಾಗ ಎರಡೂ ಒಂದಕ್ಕೊಂದು ಉಜ್ಜಿಕೊಂಡಂತೆ ಕೇಳುತ್ತದೆ. ಪ್ರಿಂಟ್ ಸರಿಯಾಗಿಯೇ ಇದೆ, ಇನ್ನೊಮ್ಮೆ ನಿಧಾನವಾಗಿ ನುಡಿಸು ಎಂದೆ. ಬಿ, ಸಿ, ಇ, ಜಿ, ಸಿ. ಮೂರನೆಯ ಸಲಕ್ಕೆ ಅವಳ ಮುಖ ಅರಳಿತು. ಅವಳು ತಪ್ಪೆಂದುಕೊಂಡದ್ದು ಇಂದಿನ ಜಾಝ್ ವಾದಕರು ಸಿ ಮೇಜರ್ ಸೆವೆನ್ ಎಂದು ಕರೆಯುವ ಕಾರ್ಡ್. ಬಾಖ್ ಅದನ್ನು ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. 16ನೇ ಬಾರ್‌ನಲ್ಲಿ ಇ ಮತ್ತು ಎಫ್ ನಡುವೆಯೂ ಇದೇ ಉಜ್ಜಾಟವಿದೆ. ಜಾಝ್‌ಗೆ ಬೇಕಾದ ಬಣ್ಣ ಎಷ್ಟೋ ಕಡೆ ಕೃತಿಯೊಳಗೇ ಇರುತ್ತದೆ, ಅದನ್ನು ಹುಡುಕಿ ತೆಗೆಯುವುದೇ ನಮ್ಮ ಮೊದಲ ಕೆಲಸ.

ಅಸ್ಥಿಪಂಜರವನ್ನು ಬರೆದುಕೊಳ್ಳುವುದು

ಈಗ ಒಂದು ಹಾಳೆಯಲ್ಲಿ 35 ಚೌಕಗಳನ್ನು ಎಳೆದು, ಪ್ರತಿ ಬಾರ್‌ನ ಸ್ವರಗಳನ್ನು ಒಟ್ಟಿಗೆ ಒತ್ತಿ ಕೇಳಿ, ಆ ಕಾರ್ಡ್‌ನ ಹೆಸರನ್ನೂ ಅದರ ಕೆಳಗೆ ಬಾಸ್ ಸ್ವರವನ್ನೂ ಬರೆಯಿರಿ. ಮೊದಲ ನಾಲ್ಕು ಹೀಗೆ ಬರುತ್ತವೆ: ಸಿ; ಡಿ ಮೈನರ್ ಸೆವೆನ್ (ಬಾಸ್‌ನಲ್ಲಿ ಸಿ); ಜಿ ಸೆವೆನ್ (ಬಾಸ್‌ನಲ್ಲಿ ಬಿ); ಮತ್ತೆ ಸಿ. ಇದಕ್ಕೆ ಒಂದು ಸಂಜೆ ಸಾಲದು, ಎರಡು ಮೂರು ಸಂಜೆ ಬೇಕಾಗಬಹುದು. ಇಂಟರ್ನೆಟ್‌ನಲ್ಲಿ ಸಿದ್ಧ ಪಟ್ಟಿ ಸಿಗುತ್ತದೆಯಾದರೂ ನಿಮ್ಮ ಕಿವಿಯಿಂದಲೇ ಬರೆದುಕೊಳ್ಳಿ.

ಬರೆದಾದ ಮೇಲೆ 9, 10, 11ನೇ ಚೌಕಗಳನ್ನು ನೋಡಿ. ಎ ಮೈನರ್ ಸೆವೆನ್, ಡಿ ಸೆವೆನ್, ಜಿ. ಜಿಯನ್ನು ಒಂದು ಎಂದು ಎಣಿಸುವ ಜಿ ಮೇಜರ್‌ನ ಲೆಕ್ಕದಲ್ಲಿ ಇವು ಎರಡನೆಯ, ಐದನೆಯ ಮತ್ತು ಒಂದನೆಯ ಕಾರ್ಡ್‌ಗಳು. 17, 18, 19ರಲ್ಲಿ ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ. ಸಿ ಮೇಜರ್‌ನಲ್ಲಿ ಅದೇ ಎರಡು-ಐದು-ಒಂದು. ಜಾಝ್ ಕಲಿಯುವ ಪ್ರತಿಯೊಬ್ಬರೂ ಹನ್ನೆರಡು ಶ್ರುತಿಗಳಲ್ಲೂ ಅಭ್ಯಾಸ ಮಾಡುವ ಚಲನೆ ಇದು. ಈ ಎರಡು ಜಾಗಗಳಿಗೆ ಕೆಂಪು ಗೆರೆ ಎಳೆದುಕೊಳ್ಳಿ, ನಾಳೆ ನಿಮ್ಮ ಕಲ್ಪನೆ ಹೆಚ್ಚು ಸಲೀಸಾಗಿ ಹರಿಯುವುದು ಇಲ್ಲೇ. 12ನೇ ಬಾರ್‌ನ ಸಿ ಶಾರ್ಪ್ ಡಿಮಿನಿಶ್ಡ್ ಸೆವೆನ್ ಅನ್ನೂ ಗಮನಿಸಿ. ಅದರ ಕೆಳಗೆ ಎ ಸ್ವರವನ್ನು ಸೇರಿಸಿ ನುಡಿಸಿದರೆ ಅದು ಎ ಸೆವೆನ್ ಫ್ಲಾಟ್ ನೈನ್ ಆಗಿ, ಮುಂದಿನ ಬಾರ್‌ನ ಡಿ ಮೈನರ್‌ಗೆ ದಾರಿ ಮಾಡಿಕೊಡುತ್ತದೆ. 14ನೇ ಬಾರ್‌ನ ಬಿ ಡಿಮಿನಿಶ್ಡ್ ಸೆವೆನ್‌ಗೆ ಜಿ ಸೇರಿಸಿದರೆ ಹೀಗೆಯೇ ಜಿ ಸೆವೆನ್ ಫ್ಲಾಟ್ ನೈನ್ ಆಗುತ್ತದೆ.

ಎಡಗೈಗೆ ಮೂರೇ ಸ್ವರ

ಶಾಸ್ತ್ರೀಯ ಅಭ್ಯಾಸದಿಂದ ಬಂದವರ ಎಡಗೈ ತುಂಬ ಮಾತನಾಡುತ್ತದೆ. ಅದಕ್ಕೆ ಮೌನ ಕಲಿಸಬೇಕು. ಪ್ರತಿ ಕಾರ್ಡ್‌ನಿಂದ ಮೂಲಸ್ವರ (ಕಾರ್ಡ್‌ಗೆ ಹೆಸರು ಕೊಡುವ ಸ್ವರ), ಅದರಿಂದ ಎಣಿಸಿದರೆ ಬರುವ ಮೂರನೆಯದು, ಏಳನೆಯದು ಇಷ್ಟನ್ನೇ ಇಟ್ಟುಕೊಂಡು ಐದನೆಯದನ್ನು ಬಿಟ್ಟುಬಿಡಿ. ಡಿ ಮೈನರ್ ಸೆವೆನ್‌ಗೆ ಡಿ, ಎಫ್, ಸಿ. ಜಿ ಸೆವೆನ್‌ಗೆ ಜಿ, ಎಫ್, ಬಿ. ಸಿ ಮೇಜರ್ ಸೆವೆನ್‌ಗೆ ಸಿ, ಇ, ಬಿ. ಈ ಮೂರನ್ನೂ ಸಾಲಾಗಿ ನುಡಿಸಿ ಮೇಲಿನ ಎರಡು ಸ್ವರಗಳನ್ನು ಮಾತ್ರ ಕೇಳಿಸಿಕೊಳ್ಳಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಎಫ್ ಇದ್ದಲ್ಲೇ ಇದ್ದು ಸಿ ಅರ್ಧ ಸ್ವರ ಇಳಿದು ಬಿ ಆಗುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಹೋಗುವಾಗ ಬಿ ಇದ್ದಲ್ಲೇ ಇದ್ದು ಎಫ್ ಅರ್ಧ ಸ್ವರ ಇಳಿದು ಇ ಆಗುತ್ತದೆ. ಒಂದು ಬೆರಳು ನಿಂತಾಗ ಇನ್ನೊಂದು ಬೆರಳು ಪಕ್ಕದ ಮನೆಗೆ ಸರಿಯುವ ಈ ನಡಿಗೆಯನ್ನು ಕಣ್ಣು ಮುಚ್ಚಿ ಮಾಡಲು ಬರಬೇಕು. 35 ಚೌಕಗಳನ್ನೂ ಈ ಮೂರು ಸ್ವರಗಳ ರೂಪದಲ್ಲಿ, ಬಾರ್‌ಗೆ ಒಂದೇ ಸಲ ಒತ್ತಿ, ಆರಂಭದಿಂದ ಕೊನೆಯವರೆಗೆ ನುಡಿಸಿ. ಏಳನೆಯ ಸ್ವರವಿಲ್ಲದ ಸರಳ ಕಾರ್ಡ್ ಇರುವ ಕಡೆ ಅದನ್ನು ಸರಳವಾಗಿಯೇ ಬಿಡಿ.

ತಕಧಿಮಿಯಿಂದ ತಕಿಟಕ್ಕೆ

ಲಯವೇ ಈ ಕೆಲಸದ ಹೃದಯವಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಬಾಖ್ ಬರೆದದ್ದು ಬಾರ್‌ಗೆ 16 ಸಮಾನ ಸ್ವರಗಳು, ಬೀಟ್‌ಗೆ ನಾಲ್ಕು. ಬಾಯಲ್ಲಿ ಹೇಳಿಕೊಂಡರೆ ಪ್ರತಿ ಬೀಟ್‌ಗೂ ತ-ಕ-ಧಿ-ಮಿ. ಜಾಝ್‌ನ ಸ್ವಿಂಗ್‌ನಲ್ಲಿ ಒಂದು ಬೀಟ್‌ಗೆ ಎರಡು ಸ್ವರ ಬಂದಾಗ ಅವು ಸಮಾನವಾಗಿರುವುದಿಲ್ಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಕರ್ನಾಟಕ ಸಂಗೀತದ ತಿಶ್ರ ನಡೆ ಗೊತ್ತಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಬೀಟ್ ಅನ್ನು ತ-ಕಿ-ಟ ಎಂದು ಮೂರು ಭಾಗ ಮಾಡಿ, ಮೊದಲ ಸ್ವರವನ್ನು ‘ತಕಿ’ ಮುಗಿಯುವವರೆಗೆ ಹಿಡಿದು, ಎರಡನೆಯ ಸ್ವರವನ್ನು ‘ಟ’ದ ಮೇಲೆ ನುಡಿಸಬೇಕು. ಮಧ್ಯಮ ವೇಗದಲ್ಲಿ ಇದು ಹೆಚ್ಚುಕಡಿಮೆ ಸರಿಹೋಗುತ್ತದೆ. ವೇಗ ಹೆಚ್ಚಿದಂತೆ ಎರಡು ಸ್ವರಗಳ ಅಂತರ ಸಮಾನತೆಯ ಕಡೆಗೆ ಸರಿಯುತ್ತದೆ, ಆದ್ದರಿಂದ ತಕಿಟವನ್ನು ಅಳತೆಗೋಲಾಗಿ ಇಟ್ಟುಕೊಂಡು ಕಿವಿಗೆ ಹಿತವಾಗುವಷ್ಟು ಸಡಿಲಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದ ಮೇಲೆ ಬಾಖ್‌ನ ಎಂಟು ಸ್ವರಗಳ ಗುಚ್ಛವನ್ನು ತೆಗೆದುಕೊಳ್ಳಿ. ಮೂಲದಲ್ಲಿ ಅದು ಬಾರ್‌ಗೆ ಎರಡು ಸಲ ಬರುತ್ತದೆ. ನೀವು ಅದನ್ನು ಒಂದೇ ಸಲ, ಬೀಟ್‌ಗೆ ಎರಡು ಸ್ವರಗಳಂತೆ, ಉದ್ದ-ಗಿಡ್ಡವಾಗಿ ನುಡಿಸಿ, ಆಗ ನಾಲ್ಕು ಬೀಟ್‌ಗಳ ಬಾರ್ ಸರಿಯಾಗಿ ತುಂಬುತ್ತದೆ. ಒಂದು ಸ್ವರವನ್ನೂ ಬದಲಾಯಿಸದೆ, ಪುನರಾವರ್ತನೆಯನ್ನು ಮಾತ್ರ ತೆಗೆದು ಪಡೆದ ಈ ರೂಪವನ್ನು ಮೊದಲ ಬಾರಿಗೆ ಕೇಳಿದಾಗ ಆಗುವ ಸಂತೋಷ ದೊಡ್ಡದು. ಒತ್ತು ಬೀಟ್‌ನ ಮೇಲಲ್ಲ, ‘ಟ’ದ ಮೇಲೆ ಬೀಳಲಿ, ಮತ್ತು ಅದು ಸುತ್ತಿಗೆಯ ಏಟಿನಂತಿರದೆ ಸುಮ್ಮನೆ ಭಾರ ಬಿಟ್ಟಂತಿರಲಿ.

ಮೆಟ್ರೋನೋಮ್ ಅನ್ನು (ಸಮಾನ ಅಂತರದಲ್ಲಿ ಸದ್ದು ಮಾಡುವ ಸಾಧನ) 60ಕ್ಕೆ ಇಟ್ಟು, ಅದರ ಪ್ರತಿ ಸದ್ದನ್ನೂ ಒಂದನೆಯ ಬೀಟ್ ಎಂದು ಎಣಿಸದೆ ಎರಡನೆಯ ಮತ್ತು ನಾಲ್ಕನೆಯ ಬೀಟ್ ಎಂದು ಎಣಿಸಿ. ಆಗ ನಿಜವಾದ ವೇಗ ನಿಮಿಷಕ್ಕೆ 120 ಬೀಟ್ ಆಗುತ್ತದೆ. ಸಮದ ಮೇಲೆ ಕೈ ತಟ್ಟಿ ಬೆಳೆದ ನಮಗೆ ಇದು ಮೊದಲ ವಾರ ತೊಡಕಾಗುವುದು ಸಹಜ, ಸದ್ದು ಮತ್ತೆ ಮತ್ತೆ ಒಂದರ ಮೇಲೆ ಬಂದು ಕೂರುತ್ತದೆ. ಅಂಥ ಹೊತ್ತಿನಲ್ಲಿ ಕೀಬೋರ್ಡ್ ಬಿಟ್ಟು ಎದ್ದು, ಕೋಣೆಯಲ್ಲಿ ನಡೆಯುತ್ತಾ ಎಣಿಸಿ. ನಮ್ಮ ಕಡೆಯ ಮದುವೆಯಲ್ಲಿ ವಾಲಗ ಶುರುವಾದಾಗ ಮುದುಕರು ಮಕ್ಕಳೆನ್ನದೆ ಎಲ್ಲರ ಕಾಲೂ ತಾನಾಗಿ ಎದ್ದು ಬೀಳುತ್ತದಲ್ಲ, ಯಾರೂ ಲೆಕ್ಕ ಹಾಕಿ ಕುಣಿಯುವುದಿಲ್ಲ. ವಾಲಗದ ತಾಳ ಬೇರೆ, ಸ್ವಿಂಗ್ ಬೇರೆ. ಆದರೆ ಲಯ ಮೊದಲು ಮೈಯಲ್ಲಿ ಕೂತು ಬಳಿಕ ಬೆರಳಿಗೆ ಬರುತ್ತದೆ ಎಂಬುದು ಎರಡಕ್ಕೂ ಒಂದೇ.

ನಡೆಯುವ ಬಾಸ್

ಬೀಟ್‌ಗೊಂದು ಸ್ವರದಂತೆ ಎಡಗೈ ನಡೆಯುತ್ತಾ ಹೋಗುವುದನ್ನು ವಾಕಿಂಗ್ ಬಾಸ್ ಎನ್ನುತ್ತಾರೆ. ಮೊದಲ ಬೀಟ್‌ಗೆ ಕಾರ್ಡ್‌ನ ಮೂಲಸ್ವರ, ನಡುವೆ ಕಾರ್ಡ್‌ನದೇ ಸ್ವರಗಳು, ನಾಲ್ಕನೆಯ ಬೀಟ್‌ಗೆ ಮುಂದಿನ ಮೂಲಸ್ವರದ ಪಕ್ಕದ ಅರ್ಧ ಸ್ವರ ಎಂಬ ಒಂದೇ ಕ್ರಮವನ್ನು ಹಿಡಿದುಕೊಂಡರೆ ಆರಂಭಕ್ಕೆ ಸಾಕು. 9ನೇ ಬಾರ್‌ನಲ್ಲಿ ಎ, ಸಿ, ಇ, ಇ ಫ್ಲಾಟ್. 10ರಲ್ಲಿ ಡಿ, ಎಫ್ ಶಾರ್ಪ್, ಎ, ಎ ಫ್ಲಾಟ್. 11ರ ಮೊದಲ ಬೀಟ್‌ಗೆ ಜಿ. ಗೆಳೆಯರಲ್ಲಿ ಯಾರಾದರೂ ಬಾಸ್ ಗಿಟಾರ್ ನುಡಿಸುವವರಿದ್ದರೆ ಈ ಕೆಲಸವನ್ನು ಅವರಿಗೆ ಬಿಟ್ಟು, ನಿಮ್ಮ ಎಡಗೈಯಿಂದ ಮೂಲಸ್ವರವನ್ನೂ ತೆಗೆದುಹಾಕಿ ಮೂರನೆಯದು, ಏಳನೆಯದು, ಒಂಬತ್ತನೆಯದನ್ನು ಮಾತ್ರ ಹಿಡಿಯಿರಿ.

ಕಾರ್ಡ್ ಬದಲಿಸುವ ಆಸೆ

ಡಿ ಸೆವೆನ್ ಇರುವಲ್ಲಿ ಎ ಫ್ಲಾಟ್ ಸೆವೆನ್ ಅನ್ನು ಇಡಬಹುದು, ಏಕೆಂದರೆ ಎರಡರಲ್ಲೂ ಎಫ್ ಶಾರ್ಪ್ ಮತ್ತು ಸಿ ಎಂಬ ಮುಖ್ಯ ಸ್ವರಗಳು ಒಂದೇ. ಜಿ ಸೆವೆನ್ ಇರುವಲ್ಲಿ ಡಿ ಫ್ಲಾಟ್ ಸೆವೆನ್ ಬರುವುದೂ ಇದೇ ಕಾರಣಕ್ಕೆ. ಇದನ್ನು ಟ್ರೈಟೋನ್ ಬದಲಿ ಎನ್ನುತ್ತಾರೆ. ಕಲಿತ ಹೊಸದರಲ್ಲಿ ಎಲ್ಲರೂ ಇದನ್ನು ಕಂಡಕಂಡಲ್ಲಿ ಬಳಸುತ್ತಾರೆ, ನಾನೂ ಬಳಸಿದ್ದೇನೆ. ಆ ದಿನಗಳ ನನ್ನ ಧ್ವನಿಮುದ್ರಣ ಕೇಳಿದರೆ ಪ್ರಿಲ್ಯೂಡ್‌ನ ತಿಳಿಬೆಳಕೇ ಅದರಲ್ಲಿ ಉಳಿದಿಲ್ಲ. ಈಗ ನನ್ನ ಅಭಿಪ್ರಾಯ ಸ್ಪಷ್ಟ: ಈ ಕೃತಿಯಲ್ಲಿ ಒಂದೇ ಒಂದು ಸಲ, 18ನೇ ಬಾರ್‌ನ ಕೊನೆಯ ಎರಡು ಬೀಟ್‌ಗಳಿಗೆ ಡಿ ಫ್ಲಾಟ್ ಸೆವೆನ್ ಇಟ್ಟರೆ ಸಾಕು. ಒಂದೇ ಸಲ ಬಂದದ್ದು ಕಿವಿಯಲ್ಲಿ ಉಳಿಯುತ್ತದೆ.

ಮನೋಧರ್ಮ

ಇಂಪ್ರೊವೈಸೇಶನ್ ಎಂದ ಕೂಡಲೇ ಮಕ್ಕಳು ಹೆದರುತ್ತಾರೆ. ಕಲ್ಪನಾಸ್ವರ ಹಾಡುವ ಮನೆಯವರನ್ನು ಕೇಳುತ್ತಾ ಬೆಳೆದವರು ಅಷ್ಟು ಹೆದರುವುದಿಲ್ಲ. ಅಲ್ಲಿಯೂ ಎಷ್ಟು ದೂರ ಹೋದರೂ ಎಡುಪಿಗೆ, ಅಂದರೆ ಹಾಡಿನ ಸಾಲು ತಾಳದಲ್ಲಿ ಶುರುವಾಗುವ ಜಾಗಕ್ಕೆ, ಬಂದು ಸೇರಬೇಕು, ಇಲ್ಲಿಯೂ ಕಾರ್ಡ್ ಬದಲಾಗುವ ಗಳಿಗೆಗೆ ಸರಿಯಾದ ಸ್ವರಕ್ಕೆ ಬಂದು ಇಳಿಯಬೇಕು.

ಮೊದಲು ಬಲಗೈಯಲ್ಲಿ ಪ್ರತಿ ಬಾರ್‌ನ ಅತ್ಯಂತ ಮೇಲಿನ ಸ್ವರವನ್ನು ಮಾತ್ರ ನುಡಿಸುತ್ತಾ ಹಾಡಿಕೊಳ್ಳಿ: ಇ, ಎಫ್, ಎಫ್, ಇ, ಎ, ಡಿ, ಜಿ, ಸಿ. ಮೆಲೊಡಿಯೇ ಇಲ್ಲವೆಂದು ತೋರುವ ಈ ಪ್ರಿಲ್ಯೂಡ್‌ನ ಒಳಗೆ ಅಡಗಿರುವ ಹಾಡು ಇದು, ಹಾಗೂ ಆರಂಭದಲ್ಲಿ ಹೇಳಿದ ಉಳಿಸಿಕೊಳ್ಳಬೇಕಾದ ಗುರುತೂ ಇದೇ. ಮುಂದಿನ ಹಂತದಲ್ಲಿ ಅದೇ ಸ್ವರವನ್ನು ಬಾರ್‌ನಲ್ಲಿ ಬೇರೆ ಬೇರೆ ಬೀಟ್‌ಗಳ ಮೇಲೆ, ಬೇರೆ ಬೇರೆ ಉದ್ದದಲ್ಲಿ ನುಡಿಸಿ. ಹೊಸ ಸ್ವರವೇ ಬೇಡ, ಲಯ ಮಾತ್ರ ಹೊಸದಾಗಲಿ. ಅದಾದ ಮೇಲೆ ಪ್ರತಿ ಬಾರ್‌ನ ಮೊದಲ ಬೀಟ್‌ಗೆ ಆ ಕಾರ್ಡ್‌ನ ಮೂರನೆಯ ಸ್ವರವನ್ನು ಗುರಿಯಾಗಿಟ್ಟುಕೊಂಡು, ಅದಕ್ಕೆ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಸ್ವರದಿಂದ ಸುತ್ತಿ ಬನ್ನಿ. 9ರಿಂದ 11 ಮತ್ತು 17ರಿಂದ 19ನೇ ಬಾರ್‌ಗಳನ್ನು ಮಾತ್ರ ಹದಿನೈದು ದಿನ ಸುತ್ತಿ ಸುತ್ತಿ ನುಡಿಸಿದರೂ ನಷ್ಟವಿಲ್ಲ. ಎರಡು ಬಾರ್ ನುಡಿಸಿ ಎರಡು ಬಾರ್ ಸುಮ್ಮನಿರುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಫೋನ್‌ನಲ್ಲಿ ಧ್ವನಿಮುದ್ರಿಸಿ ಮರುದಿನ ಬೆಳಿಗ್ಗೆ ಕೇಳಿ. ಶೀಟ್ ಹೊದಿಸಿದ ಮನೆಯಾದರೆ ಮಳೆ ಬಿಡುವವರೆಗೆ ಕಾಯಬೇಕಾದೀತು, ಇಲ್ಲದಿದ್ದರೆ ಮಳೆಯ ಸದ್ದೇ ತುಂಬಿಕೊಂಡು ಎಡಗೈ ಕೇಳುವುದಿಲ್ಲ.

ಬೇರೆ ಕೃತಿಗಳು ಬೇರೆ ದಾರಿ ಕೇಳುತ್ತವೆ

ಬಾಖ್‌ಗೆ ಹೊಂದಿದ್ದು ಎಲ್ಲದಕ್ಕೂ ಹೊಂದುವುದಿಲ್ಲ. ಶೋಪ್ಯಾನ್‌ನ ಇ ಮೈನರ್ ಪ್ರಿಲ್ಯೂಡ್, ಓಪಸ್ 28ರ ನಾಲ್ಕನೆಯದು, 25 ಬಾರ್‌ಗಳಷ್ಟೇ ಇರುವ ಕೃತಿ. ಮೆಲೊಡಿ ಬಹುಪಾಲು ಇದ್ದಲ್ಲೇ ಇರುತ್ತದೆ. ಎಡಗೈಯ ಕಾರ್ಡ್‌ಗಳಲ್ಲಿ ಒಂದೊಂದೇ ಬೆರಳು ಸರದಿಯ ಮೇಲೆ ಅರ್ಧ ಸ್ವರ ಇಳಿಯುತ್ತಾ ಹೋಗುವುದೇ ಅದರ ಜೀವ. ಈ ಇಳಿತವನ್ನು ಕೆಡಿಸಬೇಡಿ, ಸ್ವಿಂಗ್ ಕೂಡ ಹಾಕಬೇಡಿ. ಬದಲಿಗೆ ಸಮಾನ ಸ್ವರಗಳ, ಬ್ರೆಜಿಲ್ ಮೂಲದ ಬೋಸಾ ನೋವಾ ಲಯವನ್ನು ಎಡಗೈಗೆ ಕೊಟ್ಟು ನೋಡಿ. 1963ರಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ಜೆರಿ ಮಲ್ಲಿಗನ್ ಧ್ವನಿಮುದ್ರಿಸಿದ್ದೂ ಆ ದಾರಿಯಲ್ಲೇ. ಶೋಪ್ಯಾನ್ ಈ ಪ್ರಿಲ್ಯೂಡ್‌ಗಳ ಸಂಪುಟವನ್ನು ಮುಗಿಸಿದ್ದು 1838–39ರ ಚಳಿಗಾಲದಲ್ಲಿ, ಮಜೋರ್ಕಾ ದ್ವೀಪದ ಹಳೆಯ ಮಠವೊಂದರಲ್ಲಿ, ಮಳೆ ಮತ್ತು ತೇವದ ನಡುವೆ ಕೆಮ್ಮುತ್ತಾ. ಜುಲೈ ತಿಂಗಳಲ್ಲಿ ಕಿಟಕಿ ಮುಚ್ಚಿಕೊಂಡು ಇದನ್ನು ನುಡಿಸುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

ಎರಿಕ್ ಸಾಟಿಯ 1888ರ ಮೊದಲ ಜಿಮ್ನೊಪೆಡಿಯಲ್ಲಿ ಜಿ ಮೇಜರ್ ಸೆವೆನ್ ಮತ್ತು ಡಿ ಮೇಜರ್ ಸೆವೆನ್ ತೂಗುಯ್ಯಾಲೆಯಂತೆ ಆರಂಭದಿಂದಲೇ ಬರುವುದರಿಂದ ಕಾರ್ಡ್‌ಗಳಿಗೆ ಕೈ ಹಚ್ಚಬೇಕಾಗಿಲ್ಲ. ಮೂರು ಬೀಟ್‌ಗಳ ಆ ನಿಧಾನವನ್ನು ಉಳಿಸಿಕೊಂಡು ಮೇಲೆ ಮಾತ್ರ ಕಲ್ಪಿಸಿಕೊಳ್ಳಿ. ಬೆಥೋವನ್‌ನ ಫ್ಯೂರ್ ಎಲೀಸ್ ಅನ್ನು ಎಲ್ಲರೂ ಮೊದಲು ಆರಿಸಿಕೊಳ್ಳುತ್ತಾರೆ, ಆದರೆ ಅದರ ಗುರುತೆಲ್ಲ ಇ ಮತ್ತು ಡಿ ಶಾರ್ಪ್‌ಗಳ ಆ ಸಣ್ಣ ಅಲುಗಾಟದಲ್ಲೇ ಇರುವುದರಿಂದ ಸ್ವಿಂಗ್ ಹಾಕಿದೊಡನೆ ಅದು ಒರಟಾಗುತ್ತದೆ. ಸ್ವಲ್ಪ ಅನುಭವವಾದ ಮೇಲೆ ಅದಕ್ಕೆ ಬರುವುದು ಮೇಲು.

ನಿಮ್ಮ ರೂಪವನ್ನು ಜನರ ಮುಂದೆ ಇಡುವ ಯೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಯೋಜಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ಬಾಖ್, ಶೋಪ್ಯಾನ್, 1925ರಲ್ಲಿ ತೀರಿಕೊಂಡ ಸಾಟಿ ಇವರ ಕೃತಿಗಳಿಗೆ ಯಾರ ಅನುಮತಿಯೂ ಬೇಡ. 1975ರಲ್ಲಿ ತೀರಿಕೊಂಡ ಶೋಸ್ತಕೋವಿಚ್‌ನ ಕೃತಿಗಳಿಗೆ ಇನ್ನೂ ಬೇಕು. ಬೇರೆಯವರು ಮಾಡಿದ ಜಾಝ್ ರೂಪವನ್ನು ಯಥಾವತ್ತಾಗಿ ಎತ್ತಿಕೊಳ್ಳುವುದು ಮೂಲ ಎಷ್ಟೇ ಹಳೆಯದಾದರೂ ಸರಿಯಲ್ಲ.

ಇಡೀ ಕೃತಿಯನ್ನು ಜೋಡಿಸುವುದು

ಬಾಖ್‌ಗೆ ಹಿಂದಿರುಗೋಣ. ಮೊದಲ ನಾಲ್ಕು ಬಾರ್‌ಗಳನ್ನು ಮೂಲದಲ್ಲಿರುವಂತೆಯೇ, ಸ್ವಲ್ಪವೂ ಸ್ವಿಂಗ್ ಇಲ್ಲದೆ, ಮೃದುವಾಗಿ ನುಡಿಸಿ ಕೇಳುಗರಿಗೆ ಕೃತಿಯ ಪರಿಚಯ ಮಾಡಿಕೊಡಿ. ಬಳಿಕ ಮತ್ತೆ ಒಂದರಿಂದ ಆರಂಭಿಸಿ, ಎಂಟು ಸ್ವರಗಳ ಗುಚ್ಛವನ್ನು ಸ್ವಿಂಗ್‌ನಲ್ಲಿ 19ನೇ ಬಾರ್‌ವರೆಗೆ ತನ್ನಿ. 19ನೇ ಬಾರ್‌ನಲ್ಲಿರುವುದು ಮೊದಲ ಬಾರ್‌ನದೇ ಕಾರ್ಡ್, ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ. ಆದ್ದರಿಂದ ಅದರ ನಂತರ ಡಿ ಮೈನರ್ ಸೆವೆನ್, ಜಿ ಸೆವೆನ್ ಎರಡೆರಡು ಬೀಟ್ ಇರುವ ಒಂದು ಬಾರ್ ಅನ್ನು ಸೇರಿಸಿಕೊಂಡರೆ 20 ಬಾರ್‌ಗಳ ಆವರ್ತನ ಸಿದ್ಧವಾಗುತ್ತದೆ. ಈ ಆವರ್ತನದ ಮೇಲೆ ಎರಡು ಅಥವಾ ಮೂರು ಸುತ್ತು ಕಲ್ಪಿಸಿ ನುಡಿಸಿ, ಅದಕ್ಕಿಂತ ಹೆಚ್ಚು ಬೇಡ.

ಕಡೆಯ ಸುತ್ತಿನಲ್ಲಿ ಸೇರಿಸಿಕೊಂಡ ಬಾರ್ ಅನ್ನು ಬಿಟ್ಟು, ಬಾಖ್ ಬರೆದ 20ನೇ ಬಾರ್‌ನ ಸಿ ಸೆವೆನ್‌ಗೆ ಇಳಿಯಿರಿ. 24ರಿಂದ 31ರವರೆಗೆ ಎಂಟು ಬಾರ್‌ಗಳುದ್ದಕ್ಕೂ ಬಾಸ್‌ನಲ್ಲಿ ಜಿ ಒಂದೇ ನಿಂತಿರುತ್ತದೆ, ಮೇಲೆ ಕಾರ್ಡ್‌ಗಳು ಬದಲಾಗುತ್ತಾ ಇರುತ್ತವೆ. ನಡೆಯುವ ಬಾಸ್ ಅನ್ನು ಇಲ್ಲಿ ನಿಲ್ಲಿಸಿ, ಎಡಗೈ ಕೆಳಗಿನ ಜಿ ಅನ್ನು ಮಾತ್ರ ಬಡಿಯುತ್ತಿರಲಿ, ಬಲಗೈ 28ನೇ ಬಾರ್‌ನವರೆಗೆ ಏರುತ್ತಾ ಹೋಗಲಿ. ಇಡೀ ಕೃತಿಯ ಬಿಗಿ ಕಟ್ಟುವುದು ಇಲ್ಲೇ, ಇದನ್ನು ಅವಸರದಲ್ಲಿ ದಾಟಿದರೆ ಹಿಂದೆ ಮಾಡಿದ್ದೆಲ್ಲ ಸಡಿಲವಾಗುತ್ತದೆ.

32ರಿಂದ ಬಾಸ್ ಸಿಗೆ ಬಂದು ನಿಲ್ಲುತ್ತದೆ. ಇಲ್ಲಿಂದ ಸ್ವಿಂಗ್ ಅನ್ನು ಕ್ರಮವಾಗಿ ಬಿಡಿಸುತ್ತಾ ಬಂದು, 33 ಮತ್ತು 34ನೇ ಬಾರ್‌ಗಳ ಹರಿವನ್ನು ಬಾಖ್ ಬರೆದಂತೆಯೇ ನುಡಿಸಿ. ಕೊನೆಯ ಕಾರ್ಡ್‌ಗೆ ಆರನೆಯದನ್ನೋ ಒಂಬತ್ತನೆಯದನ್ನೋ ಸೇರಿಸಲು ಕೈ ತುರಿಸುತ್ತದೆ, ಸೇರಿಸಬೇಡಿ. ಬರೀ ಸಿ ಮೇಜರ್ ಅನ್ನು ಒತ್ತಿ, ಪೆಡಲ್ ಹಿಡಿದು, ಸದ್ದು ಪೂರ್ತಿ ಅಡಗುವವರೆಗೆ ಬೆರಳುಗಳನ್ನು ಎತ್ತದೆ ಕುಳಿತಿರಿ.